ಬೆನ್ನ ಕಡೆಯ ಹೊಲಿಗೆ

ಅಕ್ಕಾ,

ಬೆಳಗಿನ ಪಾಳಿಗೆ ಹೊರಟೆ. ನೀನು ಚಿಲಕ ಹಾಕಿಕೊಂಡು ಮಲಗಿದ್ದೀಯ, ಅದಕ್ಕೆ ಈ ಚೀಟಿ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹೊಲಿಗೆ ಯಂತ್ರದ ಮುಂದೆ ಕೂರಬೇಡ, ಯಾರ ಅಂಗಿಯೂ ಓಡಿಹೋಗುವುದಿಲ್ಲ.

ಇಸ್ತ್ರಿಪೆಟ್ಟಿಗೆಯನ್ನು ಬಚ್ಚಿಟ್ಟಿದ್ದೇನೆ. ಹುಡುಕಬೇಡ. ನಿನ್ನೆ ನೀನು ಬಗ್ಗಿದಾಗ ಅಂಗಿ ಸರಿದು, ಹೊಟ್ಟೆಯಿಂದ ಬೆನ್ನಿನವರೆಗಿರುವ ಆಪರೇಷನ್ ಗೆರೆಯ ಹಿಂದಿನ ತುದಿ ಸುಟ್ಟು ಕೆಂಪಾಗಿರುವುದು ಕಂಡಿತು. ಕೇಳಿದರೆ, "ದಪ್ಪ ಹೊಲಿಗೆ ಬಿಸಿ ಮಾಡಿದ್ರೆ ಕೂತ್ಕೊಳ್ಳುತ್ತೆ ಕಣೇ. ಇಸ್ತ್ರಿಪೆಟ್ಟಿಗೇಲಿ ಬಟ್ಟೆ ಕಾಯಿಸಿ ಅದರ ಮೇಲೆ ಮಲಗಿದ್ದೆ, ಬಿಸೀನೇ ತಾಗ್ಲಿಲ್ಲ" ಅಂದೆ. ಹೇಗೆ ತಾಗುತ್ತದೆ? ಅಲ್ಲಿನ ಚರ್ಮಕ್ಕೆ ಇನ್ನೂ ಸ್ಪರ್ಶವೇ ಬಂದಿಲ್ಲ. ನೀನು ಗಿರಾಕಿಯ ಕೋಟಲ್ಲ.

ಹೊಟ್ಟೆಯ ಕಡೆ ದಿನವೂ ಡಾಕ್ಟರು ಕೊಟ್ಟ ಜೆಲ್ ಹಚ್ಚಿ ನೀವಿಕೊಳ್ಳುತ್ತೀಯ, ಅಲ್ಲಿ ಮೆತ್ತಗಾಗಿದೆ. ಬೆನ್ನಿಗೆ ನಿನ್ನ ಕೈ ಎಟುಕುವುದಿಲ್ಲ, ಅಲ್ಲಿ ಹಗ್ಗದ ಹಾಗೆ ಉಬ್ಬಿದೆ. ನನ್ನ ಕೈ ಎಟುಕುತ್ತದೆ. ಒಂದು ಸಲ ಕರೆಯಬಹುದಿತ್ತು. ಈ ಮನೆಯಲ್ಲಿರುವುದೇ ನಾವಿಬ್ಬರು. ಆಸ್ಪತ್ರೆಯಿಂದ ಬಂದಾಗಿನಿಂದ ನೀನು ಕೋಣೆಯೊಳಗೆ ಉಣ್ಣುತ್ತೀಯ, ನಾನು ಹೊರಗೆ ಗೋಡೆ ನೋಡುತ್ತಾ ಉಣ್ಣುತ್ತೇನೆ. ನೋಡಿದರೆ ತಂಗಿ ಅಸಹ್ಯಪಡುತ್ತಾಳೆ ಅಂದುಕೊಂಡೆಯಾ? ನಿನ್ನೆ ನೋಡಿದೆ. ಉಂಡೆ, ಮಲಗಿದೆ, ಅಷ್ಟೇ.

ಸುಟ್ಟ ಜಾಗಕ್ಕೆ ಏನೂ ಹಚ್ಚಬೇಡ. ಉಜ್ಜಲೂಬೇಡ. ಸಂಜೆ ಡಾಕ್ಟರಿಗೆ ತೋರಿಸಿ ಬರೋಣ. ಗಾಯ ಮಾಗಿದ ಮೇಲೆ ಬೆನ್ನಿಗೆ ಜೆಲ್ ಹಚ್ಚುವುದು ನನ್ನ ಕೆಲಸ.

ಸಂಜೆ ಬಂದು ಬಾಗಿಲು ತಟ್ಟುತ್ತೇನೆ, ತೆಗಿ. ನಿದ್ದೆ ಹತ್ತಿತ್ತು ಅನ್ನಬೇಡ. ನಿದ್ದೆ ಹತ್ತಿದರೆ ನೀನು ಗೊರಕೆ ಹೊಡೆಯುತ್ತೀಯ. ಈಗ ಬಾಗಿಲ ಹತ್ತಿರವೇ ನಿಂತು ಬರೆಯುತ್ತಿದ್ದೇನೆ, ಒಳಗಿನಿಂದ ಗೊರಕೆ ಕೇಳಿಸುತ್ತಿಲ್ಲ.