ಹೆಳವರ ಹೊತ್ತಿಗೆಯ ಖಾಲಿ ಗೆರೆ

ತುಳಸವ್ವ ಆಯಿಗೆ, ನಿಮ್ಮಿಂದ ಆರು ತಲೆ ಈಚೆಗೆ ನಿಮ್ಮ ಮನೆತನಕ್ಕೆ ಸೊಸೆಯಾಗಿ ಬಂದ ನಿಂಬೆವ್ವ ಮಾಡುವ ಶರಣು.

ಮೂರು ದಿನದಿಂದ ನನಗೆ ಒಂದೇ ಕನಸು ಬೀಳುತ್ತಿದೆ. ಹಿರಿಯರೆಲ್ಲ ಊಟಕ್ಕೆ ಸಾಲಾಗಿ ಕೂತಿದ್ದಾರೆ, ನಾನು ರೊಟ್ಟಿ ಬಡಿಸುತ್ತ ಹೋಗುತ್ತಿದ್ದೇನೆ. ನಮ್ಮಲ್ಲಿ ಹಿರಿಯರಿಗೆ ಹೆಸರು ಹಿಡಿದು ಕರೆದೇ ಬಡಿಸಬೇಕು, ಇಲ್ಲದಿದ್ದರೆ ಅದು ಅವರಿಗೆ ಮುಟ್ಟುವುದಿಲ್ಲ. ಒಬ್ಬೊಬ್ಬರ ಹೆಸರೂ ಸರಿಯಾಗಿ ಬಾಯಿಗೆ ಬರುತ್ತದೆ. ಸಾಲಿನ ಕೊನೆಗೆ ಒಬ್ಬಳು ತಲೆ ತುಂಬ ಸೆರಗು ಹೊದ್ದು ಕೂತಿರುತ್ತಾಳೆ. ಆಕೆಯ ಮುಂದೆ ಎಲೆಯಿಲ್ಲ. ಆಕೆಯ ಹೆಸರು ನನಗೆ ಗೊತ್ತಿಲ್ಲ. ರೊಟ್ಟಿ ಹಿಡಿದು ನಿಂತೇ ಇರುತ್ತೇನೆ, ಅದು ಕೈಯಲ್ಲೇ ಆರಿಹೋಗುತ್ತದೆ, ಆಕೆ ತಲೆ ಎತ್ತುವುದಿಲ್ಲ. ನಾನು ಮೊದಲೇ ಅಂಜುಬುರುಕಿ. ಹಾಲು ಉಕ್ಕಿದರೂ ಏನೋ ಕೇಡು ಕಾದಿದೆ ಎನ್ನುವವಳು. ಆದರೆ ಇದು ಬರೀ ನನ್ನ ಅಂಜಿಕೆಯಲ್ಲ, ಆಯಿ. ಆಕೆ ಯಾರು ಎನ್ನುವುದು ನಿಮಗೆ ಗೊತ್ತು.

ಇಂದು ಎರಡು ಸಾವಿರದ ನೂರಾ ತೊಂಬತ್ತೊಂದನೆಯ ಇಸವಿಯ ಎರಡನೆಯ ಹೊರದಿನ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಇಟ್ಟುಕೊಂಡಿದ್ದೇವೆ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಹೊರಗುಳಿಯುತ್ತವೆ, ಅವು ಹಿರಿಯರ ದಿನಗಳು. ಎರಡನೆಯ ದಿನ ಮನೆಯ ಒಬ್ಬೊಬ್ಬರೂ ಒಬ್ಬ ಹಿರಿಯರಿಗೆ ಹಿಂದೋಲೆ ಬರೆಯಬೇಕು. ಹಿಂದಕ್ಕೆ ಹೋಗುವ ಓಲೆ ಅದು, ಮನೆತನಗಳ ಹೆಸರು ಹೊತ್ತಿಗೆಯಲ್ಲಿ ಬರೆದಿಡುವ ಹೆಳವರು ಒಯ್ಯುತ್ತಾರೆ. ಮುಟ್ಟಿತೋ ಇಲ್ಲವೋ ಎಂದು ಯಾರೂ ತಿರುಗಿ ಬಂದು ಹೇಳಿಲ್ಲ. ನಾನು ನಾಲ್ಕನೆಯ ಇಯತ್ತೆಯ ತನಕ ಓದಿದವಳು. ಬಿಸಿಲಿಗೆ ಸಾಲೆ ಮೂರು ಸಲ ಮುಚ್ಚಿತು, ಮೂರನೆಯ ಸಲ ನನಗೆ ತಿರುಗಿ ತೆಗೆಯಲೇ ಇಲ್ಲ. ಮಾತು ಸೊಟ್ಟ ಕಂಡರೆ, ನಿಮಗೆ ತಿಳಿಯದ ಶಬ್ದ ಬಂದರೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ನೀವು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವಿನ ಹೆಸರೇ ಈಗ ನಮ್ಮ ಮನೆಗಳಿಗೆ ಬಂದಿದೆ. ಬೇಸಿಗೆಯ ನಾಲ್ಕು ತಿಂಗಳು ನೆಲದ ಮೇಲೆ ಬಿಸಿಲು ಮನುಷ್ಯರನ್ನು ನಿಲ್ಲಗೊಡುವುದಿಲ್ಲ. ನಿಮ್ಮ ಜೋಳ ಇದ್ದ ಹಾಗೆ ನಾವು ಕೆಳಗಿರುತ್ತೇವೆ, ಒಂದು ಹಗೇವಿಗೆ ಇಪ್ಪತ್ತು ಮೂವತ್ತು ಜನ. ಬಾಯಿಗೆ ಕಲ್ಲಿನ ಮುಚ್ಚಳ ಸರಿಸಿ, ಸುತ್ತ ಮಣ್ಣು ಮೆತ್ತಿಬಿಡುತ್ತೇವೆ. ಇದಕ್ಕೆ ಬಾಯಿಗಟ್ಟು ಎನ್ನುತ್ತಾರೆ. ಗಾಳಿ ಉಸಿರ್ಗಾಲುವೆಯಲ್ಲಿ ಬರುತ್ತದೆ, ಅಂದರೆ ನೆಲದ ಆಳದಿಂದ ತಂಪು ತರುವ ಮಣ್ಣಿನ ಕೊಳವೆ. ಬಾಯಿಗಟ್ಟಿನಲ್ಲಿ ಒಮ್ಮೆ ಮುಚ್ಚಳ ತೆಗೆದರೆ ತಂಪೆಲ್ಲ ಸೋರಿಹೋಗುತ್ತದೆ, ತಿರುಗಿ ಕೂಡಲು ಎಂಟು ದಿನ ಬೇಕು. ದೀಪ ಸಂಜೆ ಒಂದು ತಾಸು ಮಾತ್ರ. ಆ ತಾಸಿನಲ್ಲಿ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಬ್ಬ ಹಿರಿಯರ ಕಥೆ. ಕಥೆ ಕೇಳದ ಮಗುವಿಗೆ ರೊಟ್ಟಿಯಿಲ್ಲ.

ಎಲ್ಲ ಕಥೆಗಳಿಗಿಂತ ದೊಡ್ಡದು ನಿಮ್ಮ ಹಿರಿಯ ಮಗ ಮಲಕಪ್ಪನದು. ಜಗತ್ತೆಲ್ಲ ಮೂಗು ಬಾಯಿ ಕಟ್ಟಿಕೊಂಡು ತಿರುಗುತ್ತಿದ್ದ ಆ ರೋಗದ ಬೇಸಿಗೆಯಲ್ಲಿ, ಎಲ್ಲರೂ ಮನೆ ಸೇರಿ ಕೂತಾಗ, ಅವನೊಬ್ಬ ಶ್ರೀಶೈಲಕ್ಕೆ ನಡೆದು ಹೋಗಿ ಹಾದಿಯಲ್ಲೇ ಮಲ್ಲಯ್ಯನ ಪಾದ ಸೇರಿದ ಎಂಬ ಕಥೆ. ನಾಲ್ಕು ವರ್ಷದ ಹಿಂದೆ ನಮ್ಮ ಉಸಿರ್ಗಾಲುವೆಗೆ ಮಣ್ಣು ಕುಸಿದು ಅರ್ಧ ದಿನ ಗಾಳಿ ನಿಂತಿತು. ಮಕ್ಕಳು ಕೈ ಕೈ ಹಿಡಿದುಕೊಂಡು ಕೂತರು, ನಾನು ಆ ಕಥೆಯನ್ನು ಒಂಬತ್ತು ಸಲ ಹೇಳಿದೆ. ಒಂದು ಮಗುವೂ ಅಳಲಿಲ್ಲ. ಮಲ್ಲಯ್ಯ ಮಲಕಪ್ಪನ ಕೈ ಬಿಡಲಿಲ್ಲ, ನಮ್ಮದೂ ಬಿಡುವುದಿಲ್ಲ ಎಂದು ನಾನೂ ನಂಬಿದ್ದೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನಗೆ ಒಬ್ಬಳೇ ಮಗಳು, ಕಸ್ತೂರಿ. ಈ ಸಲದ ಬಾಯಿಗಟ್ಟಿನಲ್ಲಿ ಒಂದು ಮಧ್ಯಾಹ್ನ ಯಾರೋ ಮೇಲಿನಿಂದ ಮುಚ್ಚಳ ಬಡಿದರು. ನನ್ನ ಗಂಡ ತೀರಿದ ಮೇಲೆ ಹಗೇವಿಗೆ ಯಜಮಾನರು ಭಾವ ಸಿದರಾಯಪ್ಪನವರು. ಅವರು ಕೂತಲ್ಲಿಂದಲೇ, “ಯಾರೂ ಏಳಬ್ಯಾಡ್ರಿ. ಬಡದು ಬಡದು ತಾವ ಹೋಗ್ತಾರ” ಎಂದರು. ನಾವು ಯಾರೂ ಏಳಲಿಲ್ಲ. ಕಸ್ತೂರಿ ಎದ್ದಳು, ಏಣಿ ಹತ್ತಿ ಮಣ್ಣು ಕೆತ್ತಿ ಮುಚ್ಚಳ ಸರಿಸಿದಳು. ಮೇಲೆ ಒಬ್ಬ ಹೆಂಗಸು, ಎದೆಗೆ ಕೂಸು. ಇಬ್ಬರೂ ಬದುಕಿದರು. ನಮ್ಮ ತಂಪು ಹೋಯಿತು. ತೊಂಬತ್ತೊಂದು ವರ್ಷದ ನಮ್ಮ ಅತ್ತೆ ಮುಖಕ್ಕೆ ಬಿಸಿಗಾಳಿ ಬಡಿದಾಗ, “ಏ, ಹೊರಗಿನ ಗಾಳಿ! ಸಾಯೂದ್ರಾಗ ಒಮ್ಮೆ ಸಿಕ್ಕಿತಲ್ಲ” ಎಂದು ನಕ್ಕರು. ಮೂರನೆಯ ದಿನ ತೀರಿಕೊಂಡರು.

ಆ ನಗೆಯನ್ನು ಈಗ ಯಾರೂ ನೆನೆಯುವುದಿಲ್ಲ. ಐದನೆಯ ಹೊರದಿನ, ಹೆಳವರು ಹೊತ್ತಿಗೆ ಓದುವಾಗ, ಕಸ್ತೂರಿಯ ಹೆಸರು ಅದರಿಂದ ಬಿಡಿಸುವುದೆಂದು ಭಾವನವರು ಗೊತ್ತು ಮಾಡಿದ್ದಾರೆ. ಹೆಸರು ಬಿಟ್ಟವರಿಗೆ ಎಲೆಯಿಲ್ಲ, ಕಥೆಯಿಲ್ಲ. ಮಕ್ಕಳು ಅಂಥವಳೊಬ್ಬಳಿದ್ದಳು ಎಂದು ಕೇಳದೆ ಬೆಳೆಯುತ್ತಾರೆ. ಬೇಡ ಎನ್ನಲು ಒಮ್ಮೆ ಹೋದೆ. “ನಿನ್ನ ಮಗಳು ಬಾಗಲಾ ತಗದ್ಲು. ನೀ ಇನ್ನ ಬಾಯಿ ತಗೀಬ್ಯಾಡ” ಎಂದರು. ನಾನು ತಿರುಗಿ ಬಂದು ರೊಟ್ಟಿ ತಟ್ಟಲು ಕೂತೆ. ಬಾಯಿಗಟ್ಟು ಮುಗಿದಾಗಿನಿಂದ ಕಸ್ತೂರಿ ಮೇಲಿನ ಕೊಟ್ಟಿಗೆಯಲ್ಲಿ ಆ ಹೆಂಗಸು ಮತ್ತು ಕೂಸಿನ ಜೊತೆ ಇದ್ದಾಳೆ. ನಿನ್ನೆಯ ತನಕ ಐದು ತಿಂಗಳು ನನ್ನ ಜೊತೆ ಮಾತಿರಲಿಲ್ಲ.

ನಾಲ್ಕು ದಿನದ ಹಿಂದೆ ಹೆಳವರ ದ್ಯಾಮಪ್ಪಣ್ಣ ಬಂದ. ಇನ್ನೂ ಎತ್ತಿನ ಮೇಲೆಯೇ ಬರುತ್ತಾರೆ, ನಿಮ್ಮ ಕಾಲದ ಹಾಗೆಯೇ. ಅವನಿಗೆ ಮಜ್ಜಿಗೆ ಕೊಟ್ಟು ಮೆಲ್ಲಗೆ ಕೇಳಿದೆ, “ಅಣ್ಣಾ, ನಮ್ಮ ಮನೆತನದಾಗ ಹಿಂದ ಯಾರದರ ಹೆಸರು ಬಿಟ್ಟದ್ದು ಐತೇನು?” ಅವನು ಕುಡಿದು, ಎತ್ತಿನ ಕಡೆ ನೋಡಿ, “ಮಜ್ಜಗಿ ಹುಳಿ ಐತವಾ” ಎಂದ. ನಾನು ಕದಲಲಿಲ್ಲ. ಕೊನೆಗೆ, “ಕೇಳಬಾರದ್ದು ಕೇಳಿದಿ” ಎಂದು ಹೊತ್ತಿಗೆ ಬಿಚ್ಚಿ ನಿಮ್ಮ ಪುಟ ತೋರಿಸಿದ. ನಿಮ್ಮ ಹೆಸರಿನ ಕೆಳಗೆ ಮಲಕಪ್ಪ. ಆಮೇಲೆ ಒಂದು ಖಾಲಿ ಗೆರೆ. ಅದರ ಕೆಳಗೆ ನಿಮ್ಮ ಕಿರಿಯ ಮಗ ಈರಪ್ಪ, ಅವನಿಂದಲೇ ನಾವೆಲ್ಲ. ಹೆಳವರು ಬರೆಯದೆ ಬಾಯಿಂದ ಬಾಯಿಗೆ ತಂದದ್ದನ್ನು ದ್ಯಾಮಪ್ಪಣ್ಣ ಹೇಳಿದ.

ಆಯಿ, ಹೆತ್ತ ತಾಯಿಗೆ ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ. ಮಲಕಪ್ಪ ಶ್ರೀಶೈಲಕ್ಕೆ ಹೋಗಿರಲಿಲ್ಲ. ದೂರದ ಪಟ್ಟಣದಲ್ಲಿ ಸಿಮೆಂಟು ಹೊರುತ್ತಿದ್ದವನು, ಬಸ್ಸು ನಿಂತ ಮೇಲೆ ಹನ್ನೊಂದು ದಿನ ನಡೆದು ನಿಮ್ಮ ಹೊಲದ ಮನೆಗೇ ಬಂದ. ನೀವು ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದಿರಿ. ಒಳಗೆ ಹದಿನಾರು ವರ್ಷದ ಮಗಳು. ಯಾರೇ ಬಂದರೂ ಬಾಗಿಲು ತೆಗೆಯಕೂಡದು ಎಂದು ಮನೆಯಲ್ಲಿ ಕಟ್ಟುನಿಟ್ಟು. ಅವನು ಬಡಿದ, ನೀರು ಕೇಳಿದ. ಬಾಗಿಲು ತೆರೆಯಲಿಲ್ಲ. ನೀವು ಬರುವಷ್ಟರಲ್ಲಿ ಅವನು ಬಾಗಿಲಿಗೆ ಒರಗಿ ಕೂತಲ್ಲೇ ಹೋಗಿದ್ದ. ಊರಿಗೆ ಶ್ರೀಶೈಲದ ಕಥೆ ಹೇಳಿದಿರಿ. ಆದರೆ ಹುಡುಗಿ ಸುಮ್ಮನಿರಲಿಲ್ಲ. ಗಿರಣಿಯಲ್ಲಿ, ನಳದ ಹತ್ತಿರ, ಕಂಡಕಂಡವರಿಗೆ, “ನಮ್ಮಣ್ಣ ಬಂದಿದ್ದ, ನಾ ಬಾಗಲಾ ತಗೀಲಿಲ್ಲ” ಎಂದಳು. ಆಕೆಯನ್ನು ದೂರದ ಬೀಗರ ಊರಿಗೆ ಕಳಿಸಿ ತಿರುಗಿ ಕರೆಯಲಿಲ್ಲವಂತೆ. ಹೆಳವರ ಕೈಯನ್ನು ಎತ್ತಿನ ಬೆನ್ನ ಮೇಲೆ ಇಡಿಸಿ, ಹೆಸರು ಹೇಳುವುದಿಲ್ಲ ಎಂದು ಆಣೆ ಮಾಡಿಸಿದರಂತೆ. ಈಗ ಆ ಹೆಸರು ಅವರಿಗೂ ಮರೆತಿದೆ.

ಅಂದಿನಿಂದ ನನಗೆ ಒಂದೇ ಚಿಂತೆ. ಒಂಬತ್ತು ಸಲ ಮಕ್ಕಳಿಗೆ ಸುಳ್ಳು ಹೇಳಿದೆನಲ್ಲ. ಈ ಕಥೆ ಬಿದ್ದರೆ ಅದರ ಜೊತೆ ಮಲ್ಲಯ್ಯನೂ ಬೀಳುತ್ತಾನೋ ಏನೋ. ಮುಂದಿನ ಸಲ ಗಾಳಿ ನಿಂತರೆ ಮಕ್ಕಳು ಏನನ್ನು ಹಿಡಿದುಕೊಂಡು ಕೂರಬೇಕು? ಯೋಚಿಸಿ ಯೋಚಿಸಿ ಸೋತು, ನಿನ್ನೆ ರೊಟ್ಟಿ ಕಟ್ಟಿಕೊಂಡು ಕಸ್ತೂರಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. ಐದು ತಿಂಗಳ ಮೇಲೆ ಮೊದಲ ಸಲ, “ಯವ್ವಾ” ಎಂದಳು. “ಸತ್ತಾವನ ಕಥಿ ಇಷ್ಟ ವರ್ಷ ಹೇಳಿದ್ರಿ. ಬದುಕಿದಾಕಿ ಒಬ್ಬಾಕಿ ಇದ್ಲಲ್ಲ, ಆಕಿನ್ನ ಯಾರೂ ಒಂದ ಮಾತ ಕೇಳಲಿಲ್ಲೇನು?” ನಾನು ರೊಟ್ಟಿಯ ಗಂಟು ಬಿಚ್ಚಿದೆ. ಆಮೇಲೆ ಅವಳು ಎರಡು ರೊಟ್ಟಿ ತಿಂದಳು. “ಹಿಂಡಿಗಿ ಉಪ್ಪು ಮರತೀದಿ” ಎಂದು ಬೈದಳು. ಆ ಬೈಗುಳ ಕೇಳಿ ನಾನು ಅತ್ತುಬಿಟ್ಟೆ. ಹೊತ್ತು ಮುಳುಗುವ ಮೊದಲು ಇಬ್ಬರೂ ಮಲ್ಲಯ್ಯನಿಗೆ ದೀಪ ಹಚ್ಚಿದೆವು. ಅವನು ಶಿಖರದ ಮೇಲೆ ಇರಲಿಕ್ಕಿಲ್ಲ, ಆ ಮಧ್ಯಾಹ್ನ ನಿಮ್ಮ ಬಾಗಿಲ ಹೊರಗೆ ಮಲಕಪ್ಪನ ಮಗ್ಗುಲಿಗೂ, ಒಳಗೆ ಆ ಹುಡುಗಿಯ ಮಗ್ಗುಲಿಗೂ ಕೂತಿದ್ದಿರಬೇಕು ಅನಿಸಿತು. ಹಾಗೆ ಅನಿಸಿದ ಮೇಲೆ ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಯಿತು. ಯಾಕೆಂದು ಬಿಡಿಸಿ ಹೇಳುವಷ್ಟು ನಾನು ಓದಿಲ್ಲ.

ಐದನೆಯ ದಿನ ದ್ಯಾಮಪ್ಪಣ್ಣ ಹೆಸರು ಅಳಿಸಲು ಲೆಕ್ಕಣಿಕೆ ಎತ್ತುವ ಮೊದಲು ನಾನು ಎದ್ದು ನಿಂತು ಈ ಕಥೆ ಹೇಳುತ್ತೇನೆ. ಭಾವನವರು ನನ್ನ ಹೆಸರನ್ನೂ ಬಿಡಿಸಬಹುದು. ಬಿಡಿಸಲಿ. ಆದರೆ ಹೇಳುವುದಾದರೆ ಸರಿಯಾಗಿ ಹೇಳಬೇಕು, ಹೆಸರೂ ಉಳಿಯದ ಆ ಹುಡುಗಿಯ ಮೇಲೆ ಇನ್ನೊಮ್ಮೆ ತಪ್ಪು ಹೊರಿಸಬಾರದು. ಹೆಳವರ ಲೆಕ್ಕದಂತೆ ಈ ಓಲೆ ಆ ಬೇಸಿಗೆಯ ಆರೇಳು ವರ್ಷದ ಮೇಲೆ ನಿಮಗೆ ಮುಟ್ಟುತ್ತದೆ, ಆಗ ನಿಮ್ಮ ಕಾಲದಲ್ಲಿ ಆಕೆ ಇನ್ನೂ ಇದ್ದಾಳೆ, ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದವಳು. ಕರೆಸಿಕೊಳ್ಳಿ. ಉಣ್ಣಲು ಹಾಕಿ, ಪೂರಾ ಹೇಳಲು ಬಿಡಿ, ನಡುವೆ ಬಾಯಿ ಮುಚ್ಚಿಸಬೇಡಿ. ಈರಪ್ಪನನ್ನೂ ಹತ್ತಿರ ಕೂರಿಸಿಕೊಳ್ಳಿ. ಆಮೇಲೆ ಹೆಳವರನ್ನು ಕರೆದು ಹೆಸರು ಬರೆಸಿ.

ನಿನ್ನೆ ನಾನು ಏಣಿ ಇಳಿಯುವಾಗ ಕಸ್ತೂರಿ ಮೇಲಿನಿಂದ ಬಗ್ಗಿ ಒಂದು ಮಾತು ಕೇಳಿದಳು. ದ್ಯಾಮಪ್ಪಣ್ಣನಿಗೂ ಅದು ಗೊತ್ತಿಲ್ಲ. ಹುಡುಗಿ ಕಂಡವರಿಗೆಲ್ಲ ತೆಗೆಯಲಿಲ್ಲ ಎಂದಳೇ ಹೊರತು, ಒಳಗಿನಿಂದ ತೆಗೆಯಲು ಆಗುತ್ತಿತ್ತೋ ಇಲ್ಲವೋ ಎಂದು ಯಾರೂ ಕೇಳಿದಂತಿಲ್ಲ. ಆಯಿ, ನಿಮ್ಮನ್ನು ದೂರಲು ಕೇಳುತ್ತಿಲ್ಲ, ಸುಮ್ಮನೆ ಕೂತವಳು ನಾನೂ ಹೌದು. ಇದೊಂದನ್ನು ಮಾತ್ರ ಇನ್ನೊಮ್ಮೆ ನಿಧಾನವಾಗಿ ನೆನಪು ಮಾಡಿಕೊಂಡು ನೋಡಿ: ಆ ದಿನ ನೀವು ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿದ್ದಿರಾ? ಕೀಲಿಕೈ ಯಾರ ಹತ್ತಿರ ಇತ್ತು?