ಹತ್ತು ಹೆಜ್ಜೆ ಅಂತರ

ಜನವರಿ 9, ಶುಕ್ರವಾರ. ಬೆಳಿಗ್ಗೆ, ಸ್ಟುಡಿಯೋ ತೆರೆಯುವ ಮುಂಚೆ

ಮಾತು ಕೊಟ್ಟಿದ್ದು: ಕ್ಯಾಮೆರಾ ಬಳಗದ ಲಡಾಖ್ ಪ್ರವಾಸಕ್ಕೆ ಮೂವರು ಹೆಂಗಸರು. ಈಗ ನಾನೊಬ್ಬಳೇ.

ಮಾತು ಕೊಟ್ಟಿದ್ದು: ಹೆಪ್ಪುಗಟ್ಟಿದ ಕೆರೆಯನ್ನು ಈ ದಂಡೆಯಿಂದ ಆ ದಂಡೆಗೆ ಎಲ್ಲರೂ ನಡೆದು ದಾಟುವುದು. ಈಗ ಕಾರ್ಯದರ್ಶಿ ದಿನೇಶ್ ಫೋನಿನಲ್ಲಿ — ‘ದುರ್ಗಕ್ಕಾ, ನೀವು ದಂಡೆ ಮೇಲಿಂದಾನೇ ತೆಗೀರಿ. ಚೆನ್ನಾಗಿ ಬರ್ತಾವೆ.’

ಮಾತು ಕೊಟ್ಟಿದ್ದು: ಬಕ್ಕೇಶಪ್ಪ ಬರುವುದಿಲ್ಲ. ಪಟ್ಟಿ ನೋಡಿದೆ. ನಾಲ್ಕನೇ ಹೆಸರು ಅವರದೇ.

ಹಳೆಯದೂ ಒಂದಿದೆ. 1998. ಕೆರೆ ಏರಿಯ ಮೇಲೆ ಮಾನವ ಸರಪಳಿ. ‘ಏನೇ ಆದ್ರೂ ಕೈ ಬಿಡಲ್ಲ’ ಎಂದಿದ್ದರು ಇದೇ ಬಕ್ಕೇಶಪ್ಪ. ಬಿಟ್ಟರು.

ಅಷ್ಟೇ. ಶಟರ್ ಎತ್ತಬೇಕು. ಹೊರಗೆ ಹಾಲ್ ಟಿಕೆಟ್ ಫೋಟೋಕ್ಕೆ ಆಗಲೇ ನಾಲ್ಕು ಹುಡುಗಿಯರು, ಒಂದೇ ಬಾಚಣಿಗೆ.

ಜನವರಿ 11, ಭಾನುವಾರ

ಅವ್ವ ಎಣ್ಣೆ ಬಿಸಿ ಮಾಡಿದಳು. ಚಳಿ ಬಿತ್ತೆಂದರೆ ನನ್ನ ಎಡಗಡೆಯ ಕೊರಳೆಲುಬು ಹಿಡಿದುಕೊಳ್ಳುತ್ತದೆ. ನನ್ನವ್ವ ದ್ಯಾಮವ್ವನಿಗೆ ಎಪ್ಪತ್ತಾರು. ಹೆಬ್ಬೆರಳಿನ ಕಸುವು ಹಾಗೇ ಇದೆ. ತಿಕ್ಕುತ್ತಾ ಕೇಳಿದಳು —

‘ಆ ಕೆರೀಗೂ ನಮ್ಮೋರಿಗೆ ಬ್ಯಾರೆ ದಂಡೆ ಐತೇನು?’

‘ಇಲ್ಲವ್ವ. ಅಲ್ಲಿ ನೀರೇ ಗಟ್ಟಿ ಆಗಿರ್ತತೆ. ಮೇಲೆ ನಡಕಂಡು ಹೋಗಬೋದು.’

‘ನಡುಮಧ್ಯಕ್ಕೂ?’

‘ನಡುಮಧ್ಯಕ್ಕೂ.’

ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. ‘ಹಂಗಾರೆ ನಡುಮಧ್ಯಕ್ಕೆ ಹೋಗಿ ಒಂದು ಫೋಟೋ ಹೊಡ್ಕಂಡು ಬಾ. ದಂಡೆ ಫೋಟೋ ಬ್ಯಾಡ ನಂಗೆ. ದಂಡೆ ಬೇಕಾದಷ್ಟು ನೋಡೀನಿ.’

ಅವ್ವನ ತವರು ಹರಿಹರದ ಆಚೆಯ ಹಳ್ಳಿ. ಅಲ್ಲಿ ನಮ್ಮ ಕೇರಿಯವರಿಗೆ ಕೆರೆಯ ತಗ್ಗಿನ ಮೂಲೆ. ದನ ಕುಡಿದು ಕಲಕಿದ ನೀರು. ಅದೂ ಮೇಲಿನವರ ಕೊಡ ತುಂಬಿದ ಮೇಲೆ. 98ರಲ್ಲಿ ನಮ್ಮ ಹೋರಾಟದ ಸಂಘ ನೀರಿನ ಹಕ್ಕಿಗಾಗಿ ಆ ಕೆರೆಗೆ ಇಳಿಯಿತು. ಏರಿಯ ಮೇಲೆ ಸರಪಳಿ ಕಟ್ಟಿದ್ದೆವು. ನನ್ನ ಎಡಗೈ ಬಕ್ಕೇಶಪ್ಪನವರ ಬಲಗೈಯಲ್ಲಿ. ಆ ಮುಂಗಾರಿಗೆ ರಿಜಿಸ್ಟರ್ ಮದುವೆ ಎಂದು ಇಬ್ಬರೇ ಮಾತಾಡಿಕೊಂಡಿದ್ದೆವು. ಎದುರಿಗೆ ಮೇಲ್ಕೇರಿಯವರ ಗುಂಪು, ಗುಂಪಿನಲ್ಲಿ ಬಕ್ಕೇಶಪ್ಪನವರ ಸ್ವಂತ ಅಣ್ಣ ಲಿಂಗಣ್ಣ. ಪೊಲೀಸರ ಲಾಠಿ ಬೀಳುವ ಮುಂಚೆಯೇ ಕೈ ಸಡಿಲಾಯಿತು. ಏರಿಯ ಕಲ್ಲುಗಳ ಮೇಲೆ ಉರುಳಿದೆ. ಎಲುಬು ಮುರಿಯಿತು.

ಕೆರೆಯ ಹಕ್ಕು ಸಿಕ್ಕಿತು. ಎರಡೇ ವರ್ಷದಲ್ಲಿ. ಅದನ್ನೂ ಬರೆದಿಡಬೇಕು.

ಜನವರಿ 16, ಶುಕ್ರವಾರ. ಸಂಜೆ

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್. ದಿನೇಶನ ಕನ್ನಡಕದ ಅಂಗಡಿಯ ಮಹಡಿ. ಆರು ಜನರ ಸಭೆ. ಯಾವ ಬೂಟು, ಯಾವ ಗ್ಲೌಸು, ಬ್ಯಾಟರಿಯನ್ನು ಮೈಗೆ ಒತ್ತಿಟ್ಟುಕೊಳ್ಳುವುದು ಹೇಗೆ... ಚಳಿಗೆ ಬ್ಯಾಟರಿ ಹತ್ತು ನಿಮಿಷದಲ್ಲಿ ಸಾಯುತ್ತದಂತೆ.

ಕೊನೆಗೆ ನಾನೇ ಎತ್ತಿದೆ. ದಂಡೆಯ ವಿಷಯ.

‘ಅಕ್ಕಾ, ನಿಮ್ಮ ಸೇಫ್ಟಿಗೆ ಹೇಳಿದ್ದು,’ ಎಂದ ದಿನೇಶ್.

‘ಸೇಫ್ಟಿ ಅಂತ ನಮ್ಮನ್ನ ದಂಡೆ ಮೇಲೆ ನಿಲ್ಸಿದೋನು ನೀನೇ ಮೊದಲನೆಯವನಲ್ಲ. ಕೂತ್ಕೋ.’

ಕೂತ. ಮೂಲೆಯಿಂದ ಬಕ್ಕೇಶಪ್ಪ — ‘ಐಸಿಗೆ ಹೆಣ್ಣು ಗಂಡು ತಿಳಿಯಲ್ಲ ದಿನೇಶ್. ತೂಕ ಅಷ್ಟೇ ತಿಳಿಯೋದು. ಆ ಲೆಕ್ಕದಾಗೆ ದಂಡೆ ಮೇಲೆ ನಿಲ್ಲಬೇಕಾದೋನು ನೀನು.’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸ್ಕೂಟಿ ಓಡಿಸಿಕೊಂಡು ವಿನೋಬನಗರದ ತಿರುವಿಗೆ ಬಂದಾಗ ನಕ್ಕೆ.

ಬಕ್ಕೇಶಪ್ಪ ಹರಿಹರದ ವಿಜ್ಞಾನದ ಮೇಷ್ಟ್ರು. ಹೋದ ವರ್ಷ ನಿವೃತ್ತಿ. ಮನೆಯವರು ತೋರಿಸಿದ ಹುಡುಗಿಯನ್ನೇ ಮದುವೆಯಾದರು. ಆಕೆ ತೀರಿಕೊಂಡು ಆರು ವರ್ಷ. ಪ್ರವಾಸಕ್ಕೆ ಹೆಸರು ಬರೆಸಿದ್ದು ಮಗಳು ಸಹನಾ ಅಂತೆ. ಏರಿಯ ಆ ದಿನದ ನಂತರವೂ ಒಂದೇ ಸಂಘ, ಒಂದೇ ಧರಣಿ, ಒಂದೇ ಶಾಮಿಯಾನ. ಮಾತು ಕರಪತ್ರದ ಬಗ್ಗೆ ಮಾತ್ರ.

ನಾನು ಮದುವೆಯಾಗಲಿಲ್ಲ. ಅವರಿಗಾಗಿ ಅಲ್ಲ. ಹಾಗೆ ಯಾರೂ ಕಥೆ ಕಟ್ಟಬಾರದು. ಸ್ಟುಡಿಯೋ ಇತ್ತು, ಸಂಘ ಇತ್ತು, ಅವ್ವ ಇದ್ದಳು. ಹೊತ್ತು ಹೋಯಿತು.

ಜನವರಿ 22, ಗುರುವಾರ. ಲೇಹ್

ಎತ್ತರಕ್ಕೆ ಮೈ ಒಗ್ಗುವವರೆಗೆ, ಎರಡು ದಿನ, ಏನೂ ಮಾಡಬಾರದು. ಉಸಿರಾಡುವುದೇ ಕೆಲಸ. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಹಲಗೆ ಬಡಿದ ಹಾಗೆ.

ಅವ್ವ ಕಟ್ಟಿಕೊಟ್ಟ ಖಾರ ಮಂಡಕ್ಕಿಯ ಪ್ಯಾಕೆಟ್ ಉಬ್ಬಿ ದಿಂಬಿನಂತಾಗಿದೆ. ದಿನೇಶ್ ಮುಟ್ಟಲು ಹೆದರಿದ — ‘ಅಕ್ಕಾ, ಇದು ಬಾಂಬ್ ಆಗೈತೆ.’ ಬಕ್ಕೇಶಪ್ಪ ಗಾಳಿಯ ಒತ್ತಡದ ಪಾಠ ಶುರು ಮಾಡಿದರು. ನಾನು ಪಿನ್ನಿನಿಂದ ಚುಚ್ಚಿದೆ. ಪಾಠ ಮುಗಿಯಿತು. ಒಂದು ಹಿಡಿ ಅವರಿಗೂ ಕೊಟ್ಟೆ.

ತಿಂದು ಹೇಳಿದರು, ‘ದ್ಯಾಮವ್ವನ ಕೈಯಿದು. ಶೇಂಗಾ ಜಾಸ್ತಿ.’

ನೆನಪಿದೆ ಅವರಿಗೆ. ಸಿಟ್ಟು ಬಂತು. ಯಾಕೆಂದು ಗೊತ್ತಾಗಲಿಲ್ಲ.

ಜನವರಿ 24, ಶನಿವಾರ. ಮಧ್ಯಾಹ್ನ 3

ಕೆರೆ.

ಸರೋವರ ಎನ್ನಬೇಕಂತೆ. ನನಗೆ ಕೆರೆಯೇ. ಅರ್ಧ ತಾಸು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ನೀಲಿ, ಅದರೊಳಗೆ ಬಿಳಿ ನರಗಳು. ಗುಳ್ಳೆಗಳು ಏಳುವಾಗಲೇ ಸಿಕ್ಕಿಬಿದ್ದು ಒಂದರ ಮೇಲೊಂದು ನಿಂತಿವೆ. ಇಷ್ಟು ನೀರು, ಕಾವಲಿಗೆ ಒಬ್ಬನೂ ಇಲ್ಲ.

ಗೈಡ್ ಸ್ಟಾನ್‌ಜಿನ್. ಇಲ್ಲಿಯವನೇ, ನಲವತ್ತರ ಆಸುಪಾಸು. ಕೈಯಲ್ಲಿ ಕಬ್ಬಿಣದ ತುದಿಯ ಕೋಲು. ಹಿಂದಿಯಲ್ಲಿ ನಿಯಮ ಹೇಳಿದ, ಮೂರು ಸಲ: ಸಾಲಾಗಿ ನಡೆಯಿರಿ. ಒಬ್ಬರಿಂದ ಒಬ್ಬರಿಗೆ ಹತ್ತು ಹೆಜ್ಜೆ. ಸದ್ದಾದರೆ ಯಾರೂ ಯಾರ ಹತ್ತಿರಕ್ಕೂ ಹೋಗಬೇಡಿ. ಒಬ್ಬರ ಭಾರ ತಡೆಯುವ ಐಸು ಇಬ್ಬರದನ್ನು ತಡೆಯದೇ ಇರಬಹುದು.

‘ತಿಳೀತಾ?’ ದಿನೇಶ್ ನನ್ನನ್ನೇ ಕೇಳಿದ.

‘ನಿಂಗೆ ತಿಳೀತಾ?’ ಎಂದೆ.

ನಾಳೆ ಬೆಳಿಗ್ಗೆ ದಾಟುವುದು. ಎರಡು ಕಿಲೋಮೀಟರ್. ನಾನೂ.

ಜನವರಿ 25, ಭಾನುವಾರ. ಸಂಜೆ 5

ಬೆರಳು ಇನ್ನೂ ಪೂರ್ತಿ ನನ್ನದಾಗಿಲ್ಲ. ಅಕ್ಷರ ಸೊಟ್ಟ. ಬರೆಯಲೇಬೇಕು.

ಒಂಬತ್ತಕ್ಕೆ ಹೊರಟೆವು. ಮುಂದೆ ಸ್ಟಾನ್‌ಜಿನ್, ಆಮೇಲೆ ದಿನೇಶ್ ಮತ್ತು ಬಳಗದ ಮೂವರು, ಆಮೇಲೆ ನಾನು, ಕೊನೆಗೆ ಬಕ್ಕೇಶಪ್ಪ. ಹತ್ತು ಹೆಜ್ಜೆ ಅಂತರ. ಬೂಟಿನ ಮುಳ್ಳು ಐಸನ್ನು ಕಡಿಯುವ ಸದ್ದು ಬಿಟ್ಟರೆ ಏನಿಲ್ಲ. ನಡುಮಧ್ಯಕ್ಕೆ ಬಂದಾಗ ಸ್ಟಾನ್‌ಜಿನ್ ಕೈಯೆತ್ತಿ ನಿಲ್ಲಿಸಿದ. ಫೋಟೋಕ್ಕೆ ಹದಿನೈದು ನಿಮಿಷ.

ಟ್ರೈಪಾಡ್ ಇಟ್ಟು ಟೈಮರ್ ಹಾಕಿ ಅವ್ವ ಕೇಳಿದ ಫೋಟೋ ತೆಗೆದೆ. ಸುತ್ತ ಎಲ್ಲೂ ದಂಡೆ ಕಾಣದಂತೆ. ಕಣ್ಣಲ್ಲಿ ನೀರು ಬಂದು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು.

ಆಮೇಲೆ ಹೊರಟು ಇನ್ನೂರು ಹೆಜ್ಜೆಯೂ ಆಗಿರಲಿಲ್ಲ. ಸದ್ದು. ಕೆಳಗಿನಿಂದ. ದೊಡ್ಡ ಬಟ್ಟೆಯನ್ನು ಈ ದಂಡೆಯಿಂದ ಆ ದಂಡೆಗೆ ಒಂದೇ ಎಳೆತಕ್ಕೆ ಹರಿದ ಹಾಗೆ.

ಮುಂದಿನವರು ನಿಂತಲ್ಲೇ ನಿಂತರು. ಹೇಳಿದ್ದು ಹಾಗೆ, ಮಾಡಿದ್ದು ಹಾಗೆ.

ನಾವಿಬ್ಬರು ಮಾತ್ರ —

ಸಂಘದ ಶಿಬಿರದಲ್ಲಿ ಕಲಿಸಿದ್ದು ಬೇರೆ. ಸದ್ದಾದರೆ ಚದುರಬೇಡಿ. ಒತ್ತಿ ನಿಲ್ಲಿ. ಮೊಣಕೈಗೆ ಮೊಣಕೈ ಹೆಣೆಯಿರಿ. ಹರೆಯದಲ್ಲಿ ಕಾಲಿಗೆ ಕಲಿಸಿದ್ದನ್ನು ನಿನ್ನೆ ಕಿವಿಗೆ ಹೇಳಿದ ಹಿಂದಿ ಅಳಿಸೀತೇ? ನಾನು ಹಿಂದಕ್ಕೆ ಓಡಿದೆ. ಅವರು ಮುಂದಕ್ಕೆ ಓಡಿ ಬಂದರು. ಮೊಣಕೈ ಹೆಣೆದು ನಿಂತೆವು, ತಾಲ್ಲೂಕು ಕಚೇರಿಯ ಗೇಟಿನ ಮುಂದೆ ನಿಂತ ಹಾಗೆ. ಎದುರಿಗೆ ಪೊಲೀಸರಿಲ್ಲ, ಜಾತಿಯವರಿಲ್ಲ. ಬರೀ ಐಸು.

ಕಾಲ ಕೆಳಗೆ ಅದು ತಗ್ಗಿತು. ಬಿರುಕಿನಿಂದ ನೀರು ಎದ್ದು ಬೂಟಿನ ಮೇಲೆ ಹರಿಯಿತು.

ಸ್ಟಾನ್‌ಜಿನ್ ಕೂಗಿದ. ‘ಛೋಡೋ, ಛೋಡೋ.’ ಬಿಡಿ. ದಿನೇಶ್ ಕನ್ನಡದಲ್ಲಿ — ‘ಸಾರ್, ಕೈ ಬಿಡ್ರಿ, ದಮ್ಮಯ್ಯ.’

ಬಿಡಲಿಲ್ಲ ಆ ಮನುಷ್ಯ. ಮುಖ ಬೆಳ್ಳಗಾಗಿತ್ತು. ‘ಬಿಡಲ್ಲ,’ ಅಂದರು. ದಿನೇಶನಿಗೆ ಹೇಳಿದ್ದಲ್ಲ.

ನಾನೇ ಹೇಳಬೇಕಾಯಿತು. ‘ಬಕ್ಕೇಶ, ಈಗ ಬಿಡು. ಈಗ ಬಿಟ್ರೆ ತಪ್ಪಲ್ಲ.’

ಬಿಟ್ಟರು. ಹೊಟ್ಟೆಯ ಮೇಲೆ ಮಲಗಿ, ಕೈಕಾಲು ಚಾಚಿ, ಅವರು ಒಂದು ಕಡೆ ನಾನು ಒಂದು ಕಡೆ ತೆವಳಿದೆವು. ಗಟ್ಟಿ ಐಸು ಸಿಗುವವರೆಗೆ ಮುಖ ಎತ್ತಲಿಲ್ಲ. ಎತ್ತಿದಾಗ ಅವರು ದೂರದಲ್ಲಿ ಮೊಣಕಾಲೂರಿ ನನ್ನ ಕಡೆಯೇ ನೋಡುತ್ತಿದ್ದರು. ಅವರ ಕನ್ನಡಕ ಎಲ್ಲೋ ಬಿದ್ದುಹೋಗಿತ್ತು. ಏನೂ ಕಂಡಿರಲಾರದು. ನೋಡುತ್ತಿದ್ದರು.

ಸ್ಟಾನ್‌ಜಿನ್ ಆಚೆ ದಂಡೆ ಮುಟ್ಟುವವರೆಗೂ ಬೈದ. ಇಪ್ಪತ್ತು ಚಳಿಗಾಲದಲ್ಲಿ ಇಂಥ ದಡ್ಡರನ್ನು ಕಂಡಿಲ್ಲವಂತೆ. ಬೈಗುಳ ನ್ಯಾಯವಾದದ್ದು. ನಮ್ಮಿಂದ ಏಳು ಜನ ಹೋಗುತ್ತಿದ್ದೆವು.

ಜನವರಿ 26, ಸೋಮವಾರ. ಬೆಳಿಗ್ಗೆ 8

ನಿನ್ನೆಯ ಉಳಿದದ್ದು. ಬಿಟ್ಟಿದ್ದೆ.

ಆಚೆ ದಂಡೆಯ ಗುಡಿಸಲಲ್ಲಿ ಒಲೆಯ ಮುಂದೆ ನಾನೂ ಬಕ್ಕೇಶಪ್ಪನವರೂ ಕಾಲುಚೀಲ ಒಣಗಿಸುತ್ತಾ ಕೂತಿದ್ದೆವು. ಉಪ್ಪು ಹಾಕಿದ ಚಹಾ. ಉಳಿದವರು ಹೊರಗೆ ಬೆಳಕು ಹುಡುಕುತ್ತಿದ್ದರು.

‘ಅವತ್ತು ಎದುರಿಗೆ ಅಣ್ಣ ನಿಂತಿದ್ದ,’ ಎಂದರು.

‘ಗೊತ್ತು. ನನಗೂ ಕಣ್ಣಿತ್ತು.’

‘ಇಪ್ಪತ್ತೇಳು ವರ್ಷ. ನೀವು ಒಂದ್ಸಲನೂ ಕೇಳ್ಲಿಲ್ಲ.’

‘ಕೇಳೋದು ನನ್ನ ಕೆಲಸ ಅಲ್ಲ. ಹೇಳೋದು ನಿಮ್ಮದು.’

ಕಾಲುಚೀಲವನ್ನು ಈ ಮಗ್ಗುಲಿಗೆ, ಆ ಮಗ್ಗುಲಿಗೆ ತಿರುಗಿಸಿದರು. ‘ಹೆದರಿದೆ. ಲಾಠಿಗಲ್ಲ. ನಿಮ್ಮ ಕೈ ಹಿಡಿದಿದ್ದು ಅವನು ನೋಡ್ದ ಅಂತ ಹೆದರಿದೆ.’

ಆಗ ನಾನಿದ್ದ ಆಸ್ಪತ್ರೆಗೆ ಎರಡು ಪುಟದ ಪತ್ರ ಕಳಿಸಿದ್ದರು. ಅದರಲ್ಲಿ ‘ಪರಿಸ್ಥಿತಿ’ ಎಂಬ ಮಾತು ಆರು ಸಲ ಇತ್ತು. ‘ಹೆದರಿದೆ’ ಒಂದು ಸಲವೂ ಇರಲಿಲ್ಲ. ಇದ್ದಿದ್ದರೆ ಅವತ್ತೇ ಕ್ಷಮಿಸುತ್ತಿದ್ದೆನೇನೋ. ಗೊತ್ತಿಲ್ಲ. ಇಪ್ಪತ್ತಾರರ ಹುಡುಗಿ, ಬೆಂಕಿಯಂಥವಳು. ಇಲ್ಲ, ಕ್ಷಮಿಸುತ್ತಿರಲಿಲ್ಲ.

‘ಈಗ?’ ಎಂದೆ.

‘ಈಗ ಏನು?’

‘ಈಗಲೂ ಹೆದರ್ತೀರಾ ಅಂತ. ಇವತ್ತು ಬೆಳಿಗ್ಗೆ ಕೈ ಬಿಡದೇ ನಿಂತ್ರಲ್ಲ. ಅಲ್ಲಿ ನಿಮ್ಮೋರು ಯಾರೂ ನೋಡೋರು ಇರ್ಲಿಲ್ಲ, ಮೇಷ್ಟ್ರೇ. ಕೆರೆ ನಡುವೆ ಯಾರು ಬೇಕಾದ್ರೂ ಹಿಡೀತಾರೆ. ಹರಿಹರದಾಗೆ?’

ಉತ್ತರ ಬರುವ ಮುಂಚೆ ದಿನೇಶ್ ಒಳಗೆ ಬಂದ. ಬ್ಯಾಟರಿ ಕಾಯಿಸಬೇಕಂತೆ.

ಜನವರಿ 30, ಶುಕ್ರವಾರ. ದಾವಣಗೆರೆ

ನಿನ್ನೆ ಬಂದಿಳಿದೆವು. ಸ್ಟೇಷನ್ನಿನಲ್ಲಿ ಬಕ್ಕೇಶಪ್ಪ ‘ಬರ್ತೀನಿ’ ಅಂದರು. ‘ಹೂಂ’ ಅಂದೆ. ಅಷ್ಟೇ.

ಅವ್ವನಿಗೆ ಫೋಟೋ ದೊಡ್ಡದು ಮಾಡಿ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ನಾಲ್ಕೂ ಅಂಚು ಸವರಿದಳು. ‘ದಂಡೇನೇ ಇಲ್ಲ,’ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಐಸು ಬಿರಿದದ್ದನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡೆ.

‘ಆ ಮೇಷ್ಟ್ರ ಕೈ ಬೆಚ್ಚಗಿತ್ತೇನು?’

‘ಎರಡೆರಡು ಗ್ಲೌಸು ಹಾಕಿದ್ವಿ ಕಣವ್ವ.’

‘ಅಯ್ಯ,’ ಎಂದು ಒಳಗೆ ಹೋದಳು. ಹಿಟ್ಟು ಕಲಸುವ ಸದ್ದು. ಅದರ ನಡುವೆ ನಗು.

ಫೆಬ್ರವರಿ 3, ಮಂಗಳವಾರ

ಫೋನಿಲ್ಲ. ಆಧಾರ್‌ಗೆ ಒಂಬತ್ತು, ಮದುವೆ ಮಾತುಕತೆಗೆ ಎರಡು ಫೋಟೋ. ಒಂದರಲ್ಲಿ ಹುಡುಗಿಯ ತಾಯಿ, ಸ್ವಲ್ಪ ಬೆಳ್ಳಗೆ ಮಾಡ್ರಿ ಎಂದಳು. ಆಗಲ್ಲ ಎಂದೆ. ಬೇರೆ ಕಡೆ ಹೋದಳು. ಹೋಗಲಿ.

ನಾನು ಕಾಯುತ್ತಿಲ್ಲ. ಇದನ್ನು ಬರೆದವಳು ಸುಳ್ಳು ಹೇಳುತ್ತಿದ್ದಾಳೆ.

ಫೆಬ್ರವರಿ 5, ಗುರುವಾರ. ಸಂಜೆ 6.40

ಹತ್ತು ನಿಮಿಷದ ಹಿಂದೆ ಫೋನ್.

‘ದುರ್ಗಾ, ಅಣ್ಣಗೆ ನಮ್ಮ ವಿಷಯ ಹೇಳ್ದೆ.’

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

‘ಅಂಗಡ್ಯಾಗೆ, ಗಿರಾಕಿಗಳ ಮುಂದೇನೆ ಹೇಳ್ದೆ. ಸಹನಾನೂ ಪಕ್ಕದಾಗೆ ನಿಂತಿದ್ಲು. ಹತ್ತು ದಿನ ಹಿಡೀತು, ಧೈರ್ಯಕ್ಕೆ.’

‘ಏನಂದ್ರು?’

‘ತಕ್ಕಡಿ ಕೆಳಗಿಟ್ಟ. ಒಳಗೆ ಎದ್ದು ಹೋದ. ಮಾತು ಬಿಡ್ತಾನೋ ಏನೋ. ಬಿಡ್ಲಿ. ನೀವು... ನೀನು ಮನೀಗೆ ಬರಬೇಕು. ಸಹನಾ ಊಟಕ್ಕೆ ಕರೀತಾಳೆ. ನಾನು ಆಟೋ ತಗಂಡು ಬಸ್ ಸ್ಟ್ಯಾಂಡಿಗೆ ಬರ್ತೀನಿ.’

‘ಆಟೋ ಬ್ಯಾಡ.’

‘ಯಾಕ? ದೂರ ಆಗ್ತತೆ. ಪೇಟೆ ದಾಟಿ, ಅಣ್ಣನ ಅಂಗಡಿ ಮುಂದೇನೇ —’

‘ಅದಕ್ಕೇ. ನಡೆದೇ ಹೋಗೋಣ.’

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು, ಹುಡುಗಿ ಏನೋ ಕೇಳಿದ್ದು, ‘ತಡಿ ಮಗಾ’ ಎಂದದ್ದು. ಆಮೇಲೆ ‘ಆತು. ನಡೆದೇ ಹೋಗೋಣ. ಯಾವತ್ತು ಬರ್ತೀಯ ನೀನೇ ಹೇಳು.’

ಹೇಳಿದೆ. ಕ್ಯಾಲೆಂಡರಿನ ಮೇಲೂ ಬರೆದೆ, ದಪ್ಪಕ್ಷರದಲ್ಲಿ, ಅವ್ವ ನೋಡಲಿ ಎಂದು. ಇಲ್ಲೂ ಇರಲಿ.

ಮಾತು ಕೊಟ್ಟಿದ್ದು: ಫೆಬ್ರವರಿ 8, ಭಾನುವಾರ. ಬೆಳಿಗ್ಗೆ ಹತ್ತೂವರೆ. ಹರಿಹರ ಬಸ್ ಸ್ಟ್ಯಾಂಡ್