ಇಳಿಜಾರಿನಲ್ಲಿ ನಿಂತ ಚುಕ್ಕೆ

ಅಮ್ಮಾ,

ಫೋನನ್ನು ಮತ್ತೆ ಅಡುಗೆಮನೆಯಲ್ಲೇ ಬಿಟ್ಟು ಹೋಗಿದ್ದೀಯ. ಅದಕ್ಕೇ ಈ ಚೀಟಿ. ಬಂದ ಕೂಡಲೇ ಅದನ್ನು ಕೈಗೆ ತೆಗೆದುಕೋ, ಎಲ್ಲೂ ಇಡಬೇಡ.

ಅಪ್ಪ ಬೆಳಿಗ್ಗೆ ಅಕ್ಷರ ಸಂದೇಶಗಳನ್ನು ದಾಟಿಸುವ ತಮ್ಮ ಪ್ಯಾಕೆಟ್ ರೇಡಿಯೊ ಪೆಟ್ಟಿಗೆಗೆ ಹೊಸ ಆಂಟೆನಾ ಹಾಕಲು ಗುಡ್ಡ ಹತ್ತಿದರಲ್ಲ, ಅವರಿರುವ ಜಾಗ ತೋರಿಸುವ ಚುಕ್ಕೆ ಮಧ್ಯಾಹ್ನದಿಂದ ಮನೆಯ ರೇಡಿಯೊ ಪರದೆಯ ನಕ್ಷೆಯಲ್ಲಿ ಒಂದೇ ಕಡೆ ನಿಂತಿದೆ. ಪೆಟ್ಟಿಗೆಯ ಹತ್ತಿರವೂ ಅಲ್ಲ, ದಾರಿಯಲ್ಲೂ ಅಲ್ಲ, ಬಂಡೆಗಳ ಇಳಿಜಾರಿನಲ್ಲಿ. ಅಲ್ಲಿ ಫೋನ್ ಸಿಗುವುದಿಲ್ಲ. ರೇಡಿಯೊದಲ್ಲಿ ಸಂದೇಶ ಕಳಿಸಿ ಕಳಿಸಿ ಸಾಕಾಯಿತು, ಉತ್ತರವೇ ಇಲ್ಲ. ನನಗೆ ತುಂಬಾ ಹೆದರಿಕೆಯಾಗುತ್ತಿದೆ.

ರೇಡಿಯೊ ಆಗಾಗ ಕರ್ರೆನ್ನುತ್ತದೆ. "ಅಲ್ಲಿಂದಲೇ ಗೊರಕೆ ಹೊಡೀತಿದಾರೆ ನಿಮ್ಮಪ್ಪ" ಅಂತ ನಗುತ್ತೀಯಲ್ಲ, ಅದೇ ಸದ್ದು. ಅದನ್ನು ಕೇಳಿ ನೆಮ್ಮದಿಯಾಗಿ ಕೂರಬೇಡಮ್ಮ. ಅವರ ಚೀಲದಲ್ಲಿರುವ ಯಂತ್ರ ಅವರಿರುವ ಜಾಗವನ್ನು ತಾನಾಗಿಯೇ ಕಳಿಸುವಾಗ ಬರುವ ಸದ್ದು ಅದು. ಅದಕ್ಕೆ ಅಪ್ಪನ ಕೈ ಬೇಕಿಲ್ಲ.

ಮೆಕ್ಯಾನಿಕ್ ಮಾವನ ಜೀಪಿನಲ್ಲಿ ಹೊರಟಿದ್ದೇನೆ. ಯಾವತ್ತೂ ಅವರೊಡನೆ ಬಾಯಿಬಿಡದ ನಾನೇ ಹೋಗಿ ಬಾಗಿಲು ತಟ್ಟಿ ಕೇಳಿದೆ. "ಏನೇ, ನಿಂಗೆ ಮಾತು ಬರುತ್ತಾ?" ಅಂದರು. ಆಮೇಲೆ ನನ್ನ ಮುಖ ನೋಡಿ ಕೀಲಿ ತೆಗೆದುಕೊಂಡರು. ಹಗ್ಗ, ಟಾರ್ಚು, ನೀರು ಇಟ್ಟುಕೊಂಡಿದ್ದೇವೆ.

ರೇಡಿಯೊ ಆರಿಸಬೇಡ. ಧೂಳು ಒರೆಸುತ್ತೇನೆಂದು ವೈರು ಕಿತ್ತುಬಿಡಬೇಡ. ಚುಕ್ಕೆ ಜರುಗಿದರೆ ಫೋನ್ ಮಾಡು, ಗುಡ್ಡದ ಬುಡದವರೆಗೆ ಸಿಗುತ್ತೇನೆ.

ಪರದೆಯ ಕೆಳಭಾಗದಲ್ಲಿ ಅಕ್ಷರ ಮೂಡಿದರೆ ಮಾತ್ರ ಅದು ಅಪ್ಪ ಕೈಯಾರೆ ಟೈಪ್ ಮಾಡಿದ್ದು. ನನ್ನನ್ನು ಬೈದಿದ್ದರೂ ಸರಿ, ಅರ್ಥವೇ ಇಲ್ಲದ ಒಂದಕ್ಷರವಾದರೂ ಸರಿ, ತಕ್ಷಣ ಓದಿ ಹೇಳು.